ಶನಿವಾರದ ಹಿರಿಯರು

ಹಿರಿಯರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಭೋಸರಿಯ ಕಾರ್ಖಾನೆಯೊಂದರ ಗ್ರೈಂಡಿಂಗ್ ಮಶಿನ್ ಅದನ್ನು ಎಂದೋ ನುಂಗಿತ್ತು. ಆ ಮೊಂಡು ಬೆರಳಿನಿಂದಲೇ ಅವರು ಸತ್ಯವೇದದ ಹಾಳೆ ಮಗುಚುತ್ತಿದ್ದರು. ಎಷ್ಟು ತೊಳೆದರೂ ಹೋಗದ ಎಣ್ಣೆಯ ಕಪ್ಪು ಹಾಳೆಗಳ ಮೂಲೆಗೆಲ್ಲ ಹತ್ತಿತ್ತು. ಎಲ್ಲಕ್ಕಿಂತ ಕಪ್ಪಾಗಿದ್ದ ಹಾಳೆ ಒಂದಿತ್ತು: ಕಾಣಿಕೆ ಹಿಡಿದುಕೊಂಡು ದೇವರ ಮುಂದೆ ಬಂದಾಗ ಯಾರಿಗೋ ನಿನ್ನ ಮೇಲೆ ಮುನಿಸಿದೆ ಎಂದು ನೆನಪಾದರೆ, ಕಾಣಿಕೆ ಅಲ್ಲೇ ಇಟ್ಟು ಮೊದಲು ಅವರ ಹತ್ತಿರ ಹೋಗು ಎಂದು ಯೇಸು ಹೇಳುವ ಹಾಳೆ.

ಪುಣೆಯ ನಮ್ಮ ಕನ್ನಡ ಸಭೆಗೆ ಸ್ವಂತ ಚರ್ಚಿಲ್ಲ. ಮರಾಠಿಯವರ ಆರಾಧನೆ ಮುಗಿದ ಮೇಲೆ, ಅವರು ಕೂತು ಬೆಚ್ಚಗೆ ಮಾಡಿಟ್ಟ ಬೆಂಚುಗಳ ಮೇಲೆ ನಾವು ಕೂರುತ್ತೇವೆ. ಆ ಸಭೆಯ ಕೆಲಸ ನೋಡಿಕೊಳ್ಳುವ ಹಿರಿಯರು ಈ ಮೊಂಡು ಬೆರಳಿನವರು, ಮಂಗ ನಾನು. ಪಾದ್ರಿ ಅಯ್ಯನವರ ಪ್ರಸಂಗ, ಹಾರ್ಮೋನಿಯಂ ಮಾವನ ಸೀನು, ನಮ್ಮವ್ವನ ಮರಾಠಿ ಚೌಕಾಶಿ, ಹುಡುಗಿಯರ ಮುಂದೆ ಇಂಗ್ಲಿಷಿಗೆ ಕೈಹಾಕಿ ನಾನೇ ತೊದಲುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಯಾರನ್ನೂ ಬಿಟ್ಟವನಲ್ಲ.

ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ರೊಟ್ಟಿ ಹಂಚಿ ತಿನ್ನುವ ಕರ್ತನ ಭೋಜನ. ಹಿಂದಿನ ದಿನ, ಶನಿವಾರ, ಶಿಫ್ಟು ಮುಗಿಸಿ ಹಿರಿಯರು ಮನೆಮನೆ ಹೊರಡುತ್ತಿದ್ದರು. ಆ ತಿಂಗಳು ಯಾರ ಮೇಲೆ ರೇಗಿದ್ದರೋ, ಯಾರ ಬಗ್ಗೆ ಹಗುರ ಮಾತಾಡಿದ್ದರೋ ಅವರ ಮನೆಗೆ. ಚಪ್ಪಲಿಯನ್ನು ಬೀದಿಯ ಕಡೆಗೆ ಮುಖಮಾಡಿ ಬಿಡುತ್ತಿದ್ದರು. ಯಾಕೆಂದು ಕೇಳಿದರೆ, "ಮಾಫಿ ಕೊಡಲಿಲ್ಲಂದ್ರ ಲಗೂನ ಹೋಗಾಕ ಅನುಕೂಲ ಆಗ್ತದ" ಎನ್ನುವರು. ಒಳಗೆ ಬಂದು ಮೂರು ಸಲ ಗಂಟಲು ಸರಿಮಾಡಿಕೊಂಡು, "ತಪ್ಪು ನಂದದ ರೀ. ಮನಸ್ನ್ಯಾಗ ಇಟ್ಕೋಬ್ಯಾಡ್ರಿ." ಅಷ್ಟೇ. ಯಾಕೆ ರೇಗಿದೆ, ನಿಮ್ಮದೂ ತಪ್ಪಿತ್ತು, ಈ ಬಾಲಂಗೋಚಿಗಳಿಲ್ಲ. ಒಮ್ಮೆ ಗೇಟು ತಡವಾಗಿ ತೆಗೆದ ಚರ್ಚಿನ ಮರಾಠಿ ವಾಚ್‌ಮನ್‌ಗೆ ಬೈದಿದ್ದರು. ಅವನ ಮನೆ ಕೊಂಢವಾದಲ್ಲಿ. ಎರಡು ಬಸ್ಸು ಬದಲಿಸಿ ಹೋಗಿ, ತಮ್ಮ ಹರಕು ಮರಾಠಿಯಲ್ಲಿ ಕೇಳಿಕೊಂಡು ಬಂದರು.

"ಈ ಭಾನುವಾರ ಅವಂಗ ರಜಾ ಇದ್ರ ಏನಾತು, ಸೋಮವಾರ ಹೆಂಗೂ ಬರ್ತಾನಲ್ಲ ಹಿರೇರ, ಗೇಟ್ನ್ಯಾಗ ಹೇಳಿದ್ರ ಆಗ್ತಿತ್ತು" ಎಂದೆ ನಾನು.

"ಭೋಜನ ಭಾನುವಾರ ಅದ ತಮ್ಮಾ. ಕೂದಲೆಳಿಯಷ್ಟು ಹೆಚ್ಚುಕಮ್ಮಿ ಆದ್ರ ನಡೀತದ ಅಂದವ ಮಶಿನ್ ಮ್ಯಾಲ ತಿಕ್ಕಿದ ಜಾಬು ರಿಜೆಕ್ಟ್ ಆಗಿ ವಾಪಸ್ ಬರ್ತದ. ಭಾನುವಾರ ಓದೋದು ಸಲೀಸು. ಶನಿವಾರ ನಡಿಯೋದು ಬಿಗಿ."

ಇಂಥ ಸರಕು ಸಿಕ್ಕರೆ ನಾನು ಬಿಡುತ್ತೇನೆಯೇ? ಕ್ರಿಸ್‌ಮಸ್ ಕಾರ್ಯಕ್ರಮದಲ್ಲಿ ನನ್ನ ಐಟಂ 'ಶನಿವಾರದ ಹಿರಿಯರು'. ಹೆಬ್ಬೆರಳಿಗೆ ಕಪ್ಪು ಬಳಿದುಕೊಂಡೆ. ಚಪ್ಪಲಿ ಹೊರಮುಖ ಮಾಡಿ ಬಿಟ್ಟೆ. ಬೆಂಚಿಗೆ ಮಾಫಿ ಕೇಳಿದೆ, ಫ್ಯಾನಿಗೆ ಕೇಳಿದೆ, ಕೊನೆಗೆ ಯೇಸು ಹುಟ್ಟಿದ ಕೊಟ್ಟಿಗೆಯೆಂದು ಕಟ್ಟಿದ್ದ ಗೋದಲಿಯೊಳಗಿನ ಮಣ್ಣಿನ ಕುರಿಯ ಮುಂದೆ ಮೊಣಕಾಲೂರಿ "ತಪ್ಪು ನಂದದ ರೀ" ಎಂದೆ. ಜನ ಕಣ್ಣೊರೆಸಿಕೊಂಡು ನಕ್ಕರು. ಎರಡನೇ ಸಾಲಿನಲ್ಲಿ ಹಿರಿಯರೂ ನಗುತ್ತಿದ್ದರು. ಪಕ್ಕದಲ್ಲಿ ಅವರ ಹೆಂಡತಿ ಮಾತ್ರ ತಲೆ ಎತ್ತಲಿಲ್ಲ. ನಾನು ಅದನ್ನು ನೋಡಿದೆ. ನೋಡಿಯೂ ಇನ್ನೊಮ್ಮೆ ಕುರಿಗೆ ಕೈಮುಗಿದೆ.

ಮುಂದಿನ ಭೋಜನದ ಹಿಂದಿನ ಶನಿವಾರ ಅವರು ನಮ್ಮ ಮನೆಗೇ ಬಂದರು. ಅವ್ವ ಚಹಾಕ್ಕಿಟ್ಟಳು. ಮೂರು ಸಲ ಗಂಟಲು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಅವತ್ತಿನಿಂದ ನಿನ್ನ ಮ್ಯಾಲ ಭಾಳ ಸಿಟ್ಟಿತ್ತು ತಮ್ಮಾ. ಮ್ಯಾಲೆ ನಕ್ಕೆ, ಒಳಗ ಬೈದೆ. ತಪ್ಪು ನಂದದ. ಮನಸ್ನ್ಯಾಗ ಇಟ್ಕೋಬ್ಯಾಡ."

ಆಗ ನಾನು ಮಾಡಿದ್ದನ್ನು ಬರೆಯಲು ಕೈ ಬರುವುದಿಲ್ಲ. ಅವರಂತೆಯೇ ಮೂರು ಸಲ ಗಂಟಲು ಸರಿಮಾಡಿಕೊಂಡು, ಅವರದೇ ದನಿಯಲ್ಲಿ, "ಹೋಗ್ಲಿ ಬಿಡ್ರಿ, ಮಾಫ್ ಮಾಡೀನಿ" ಎಂದೆ.

"ಏ ಮಂಗ್ಯಾ!" ಅವ್ವನ ಕೈಲಿದ್ದ ಸೌಟು ಮೇಲೆದ್ದಿತು. ಹಿರಿಯರು ಅವಳನ್ನು ತಡೆದು ಎದ್ದರು. ಚಪ್ಪಲಿ ತಯಾರಾಗಿಯೇ ಇತ್ತು.

ನನ್ನ ನಕಲು ಹಿರಿಯರಿಗಿಂತ ಮುಂಚೆ ಮನೆಮನೆ ತಲುಪಿತ್ತು. ಮರುತಿಂಗಳು ಅವರು ಹಾರ್ಮೋನಿಯಂ ಮಾವನ ಜೊತೆ ಪದ್ಯದ ವಿಷಯಕ್ಕೆ ಜಗಳಾಡಿ, ಶನಿವಾರ ಅವನ ಮನೆಗೆ ಹೋದರಂತೆ. ಬಾಗಿಲು ತೆಗೆದ ಮಾವ ಇವರಿಗಿಂತ ಮೊದಲೇ ಮೂರು ಸಲ ಗಂಟಲು ಸರಿಮಾಡಿದ. ಮನೆಮಂದಿಯೆಲ್ಲ ನಕ್ಕರು. ಹಿರಿಯರು ಹೇಳಲು ಬಂದ ಮಾತು ಹೇಳದೆ ತಿರುಗಿದರು. "ನಗ್ತಾರ್ರೀ ಅಕ್ಕಾರ. ನಕ್ಕಮ್ಯಾಲ ಮಾಫಿ ಹೆಂಗ ಕೇಳೋದು?" ಎಂದು ಅವ್ವನ ಮುಂದೆ ಅಂದರಂತೆ.

ಆ ಭಾನುವಾರ ಎಲ್ಲರೂ ಭೋಜನಕ್ಕೆ ಎದ್ದಾಗ ಹಿರಿಯರು ಏಳಲಿಲ್ಲ. ಮುನಿಸು ತೀರದೆ ರೊಟ್ಟಿ ಮುಟ್ಟುವವರಲ್ಲ ಅವರು. ಮುಂದಿನ ತಿಂಗಳೂ ಏಳಲಿಲ್ಲ. ಹೀಗೆ ಐದು ತಿಂಗಳು. ಉಗುರಿಲ್ಲದ ಹೆಬ್ಬೆರಳನ್ನು ಆ ಕಪ್ಪು ಹಾಳೆಯೊಳಗೆ ಸಿಕ್ಕಿಸಿಕೊಂಡು ಬೆಂಚಿನಲ್ಲಿ ಕೂತಿರುತ್ತಿದ್ದರು. ನಾನು ಅವರ ಮೊಣಕಾಲು ದಾಟಿಕೊಂಡು ಹೋಗಿ ರೊಟ್ಟಿ ತಿಂದು ಬರುತ್ತಿದ್ದೆ. ಹೋಗಿ ಒಂದು ಮಾತು ಹೇಳಬೇಕು ಎನ್ನಿಸುತ್ತಿತ್ತು. ಈ ಶನಿವಾರ ಮಳೆ, ಬರುವ ಶನಿವಾರ ಗೆಳೆಯನ ಬರ್ತ್‌ಡೇ. ಆರನೇ ಭೋಜನಕ್ಕೆ ಮೊದಲೇ ಅವರ ಎದೆ ನಿಂತಿತು. ಮಶಿನ್ ಒರೆಸುತ್ತಿದ್ದವರು ಹಾಗೇ ಕುಸಿದರಂತೆ.

ಮಣ್ಣಿಗೆ ಹೋದೆ, ಒಂದು ಹಿಡಿ ಹಾಕಿದೆ. ನಂತರದ ಶನಿವಾರ ಅವರ ಮನೆಗೆ ಹೋದೆ. ಅವರ ಹೆಂಡತಿ ಕುರ್ಚಿ ತೋರಿಸಿದರು. ನಾನು ಕೂರಲಿಲ್ಲ. ಜಗತ್ತಿನ ದನಿಗಳನ್ನೆಲ್ಲ ಬಲ್ಲವನಿಗೆ ಮಾಫಿ ಕೇಳುವ ದನಿ ಒಂದೇ ಗೊತ್ತಿತ್ತು. ನನಗರಿವಿಲ್ಲದೆಯೇ ಮೂರು ಸಲ ಗಂಟಲು ಸರಿಮಾಡಿಕೊಂಡೆ. "ತಪ್ಪು ನಂದದ ರೀ..."

"ಅವ್ರ ಹಂಗ ಬ್ಯಾಡ," ಎಂದರು ಆಕೆ. "ನಿನ್ನ ಹಂಗ ಹೇಳು."

ಎರಡು ಸಲ ಬಾಯಿ ತೆರೆದೆ. ಮೂರನೇ ಸಲ ಬಂದ ದನಿ ಸಣ್ಣದಾಗಿತ್ತು, ಒಡೆದಿತ್ತು. ಯಾರೂ ನಕಲು ಮಾಡಲು ಇಷ್ಟಪಡದಂಥ ದನಿ.

"ಕೇಳಿಸ್ತಪಾ," ಎಂದರು. "ಇದನ್ನ ಕೇಳ್ಬೇಕಂತ ಅವ್ರು ಪ್ರತಿ ಶನಿವಾರ ಬಾಗಲಾ ತಗದಿಟ್ಟು ಕೂಡ್ತಿದ್ರು."

ಮಾಫ್ ಮಾಡೀನಿ ಎನ್ನದೆಯೇ ಆಕೆ ಕುರ್ಚಿಯನ್ನು ಗೋಡೆಗೆ ಸರಿಸಿಟ್ಟರು. ನಾನು ಹೊರಗೆ ಬಂದೆ. ಮಾಫಿ ಸಿಕ್ಕೇ ಸಿಗುತ್ತದೆಂದು ಗಟ್ಟಿಮಾಡಿಕೊಂಡು ಬಂದವನ ಚಪ್ಪಲಿಗಳು ಒಳಮುಖವಾಗಿ ಬಿದ್ದಿದ್ದವು.