ಗಿರಣಿ ಕಾಕಾನ ಉಸಿರು

ನಿನ್ನೆ ಧನಕವಡಿ ಬಡಾವಣೆಯ ಸಂದಿಯೊಂದರಲ್ಲಿ ಬಿಸಿ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಗಿರಣಿ ಕಾಕಾ ನೆನಪಾದರು… ವಿಜಯಪುರದ ಕಡೆಯಿಂದ ಬಂದು ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ಹಾಕಿದವರು. ಹಿಟ್ಟಿನ ದೂಳು, ಬೀಡಿ, ಎರಡೂ ಸೇರಿ ಅವರ ಶ್ವಾಸಕೋಶವನ್ನು ಹಾಳು ಮಾಡಿದ್ದವು.

ನಾನು ಅರಿವಳಿಕೆ ವೈದ್ಯೆಯಾದ ಹೊಸತರಲ್ಲಿ ಅವರ ಪಿತ್ತಕೋಶದಲ್ಲಿ ಕಲ್ಲಾಗಿ ಮೇಲಿಂದ ಮೇಲೆ ನೋವು, ಜ್ವರ. ಆಪರೇಷನ್ ಆಗಲೇಬೇಕಿತ್ತು. ಇಂಥ ಎದೆಗೆ ಅರಿವಳಿಕೆ ಕೊಡಲು ಹಿರಿಯ ವೈದ್ಯರಿಬ್ಬರು ಹಿಂದೇಟು ಹಾಕಿದರು. ನಾನು ಹಟ ಹಿಡಿದೆ. ವಾರಗಟ್ಟಲೆ ಬೆನ್ನುಹತ್ತಿ ಬೀಡಿ ಬಿಡಿಸಿದೆ, ಉಸಿರಾಟದ ವ್ಯಾಯಾಮ ಮಾಡಿಸಿದೆ, ಎರಡು ಹೊತ್ತೂ ಇನ್‌ಹೇಲರ್, ಅಂದರೆ ಔಷಧದ ಪಂಪ್, ಎಳೆಸಿದೆ.

"ಉಸರು ಒಳಗ ಹೋಗ್ತದವಾ, ಹೊರಗ ಬರೂದ ಭಾಳ ತ್ರಾಸ ಅದ," ಎನ್ನುತ್ತಿದ್ದರು ಕಾಕಾ.

ಆಪರೇಷನ್ನಿನ ದಿನ ಗಂಟಲಿಗೆ ಕೊಳವೆ ಇಳಿಸಿದ ಕೂಡಲೇ ಅವರ ಶ್ವಾಸನಾಳಗಳು ಬಿಗಿದುಕೊಂಡವು. ನಾನು ಗಾಬರಿಯಲ್ಲಿ ಗಾಳಿಯ ಚೀಲವನ್ನು ಒತ್ತಿದ್ದೇ ಒತ್ತಿದ್ದು. ಎದೆ ಉಬ್ಬಿತು, ಇಳಿಯಲಿಲ್ಲ. ರಕ್ತದೊತ್ತಡ ಕುಸಿಯತೊಡಗಿತು. ನನ್ನ ಕೈಯಲ್ಲೇ ಕಾಕಾ ಹೋಗುತ್ತಾರೆ ಅನ್ನಿಸಿತು… ಆಗ ಅವರ ಮಾತು ತಲೆಗೆ ಹೊಳೆಯಿತು. ಒಳಗಿನ ಗಾಳಿಯೇ ಹೊರಬರದೆ ಸಿಕ್ಕಿಕೊಂಡಿರುವಾಗ ನಾನು ಇನ್ನಷ್ಟು ತುಂಬುತ್ತಿದ್ದೆ! ಕೊಳವೆಯನ್ನು ಯಂತ್ರದಿಂದ ಕಳಚಿ ಸುಮ್ಮನೆ ಕಾದೆ. ಸುಸ್ಸೆಂದು ಗಾಳಿ ಹೊರಬಿತ್ತು. ರಕ್ತದೊತ್ತಡ ಮೇಲೇರಿತು. ಅರಿವಳಿಕೆಯನ್ನು ಗಾಢ ಮಾಡಿ, ಕೊಳವೆಯೊಳಗೇ ಔಷಧ ಬಿಟ್ಟು, ಆಮೇಲೆ ಪ್ರತಿ ಉಸಿರಿಗೂ ಹೊರಬರಲು ಬೇಕಾದಷ್ಟು ಹೊತ್ತು ಕೊಟ್ಟೆ. ಆಪರೇಷನ್ ಮುಗಿಯಿತು, ಕಾಕಾ ಕಣ್ಣು ಬಿಟ್ಟರು.

ಮರುದಿನ ಕೇಳಿದೆ, "ಕಾಕಾ, ನಿನ್ನೆ ಮುಂಜಾನೆ ಪಂಪ್ ಎಳದಿದ್ರಿಲ್ಲೋ?"

"ಉಪಾಸ ಇರ್ರಿ ಅಂತ ನೀನ ಹೇಳಿದ್ದೆಲ್ಲ ಡಾಕ್ಟರಬಾಯಿ? ಏಕಾದಶಿಗೆ ನಾ ನೀರೂ ಮುಟ್ಟಂಗಿಲ್ಲ. ಇನ್ನ ಔಷಧ ಹೆಂಗ ತೊಗೊಳ್ಳಲಿ?"

ತಲೆ ಚಚ್ಚಿಕೊಂಡೆ. ಉಪವಾಸವಿದ್ದರೂ ಪಂಪ್ ಬಿಡಬಾರದೆಂದು ಬಿಡಿಸಿ ಹೇಳದ ತಪ್ಪು ನನ್ನದೇ. ಅಂದಿನಿಂದ ಅದನ್ನು ಪ್ರತಿ ರೋಗಿಗೂ ಎರಡೆರಡು ಸಲ ಹೇಳುತ್ತೇನೆ.

ಐದನೆಯ ದಿನ ಅವರು ಆಸ್ಪತ್ರೆಯ ಮೆಟ್ಟಿಲನ್ನು ತಾವೇ ಇಳಿದರು. ಹಿಂದೇಟು ಹಾಕಿದ್ದ ಹಿರಿಯರು ನೋಡುತ್ತಿದ್ದರು. ನಾನಂತೂ ಹಿಗ್ಗಿ ಹೀರೇಕಾಯಿಯಾಗಿದ್ದೆ.

ಆಮೇಲೆ ಕಾಕಾ ಒಂಬತ್ತು ವರ್ಷ ಬದುಕಿದರು. ಮೊಮ್ಮಗಳಿಗೆ ಸೈಕಲ್ ಕಲಿಸಿದರು. ಹಿಂದೆ ಓಡಲಾಗದೆ ಕಟ್ಟೆಯ ಮೇಲೆ ಕೂತು ಬೈದುಕೊಂಡೇ ಕಲಿಸಿದರು. ಹೋದ ಚಳಿಗಾಲದಲ್ಲಿ ತೀರಿಕೊಂಡರು… ನಿನ್ನೆ ಆ ಹುಡುಗಿ ಸ್ಕೂಟರಿನಲ್ಲಿ ಎದುರಾಗಿ ಕೈಬೀಸಿದಳು. ಅಳು ಬಂತು. ಒಂಬತ್ತು ವರ್ಷ ಗೆದ್ದೆನಲ್ಲಾ ಎಂಬ ಸೊಕ್ಕು ಮಾತ್ರ ಇಂದಿಗೂ ಇಳಿದಿಲ್ಲ.