ಹುಳದ ಮನೆಯ ಥರ್ಮಾಮೀಟರ್

ಮುಳ್ಳೂರಿನಲ್ಲಿ ನಮ್ಮ ಮನೆಗೆ ಅಂಟಿಕೊಂಡಂತೆ ರೇಷ್ಮೆಹುಳ ಸಾಕುವ ಮನೆಯಿದೆ. ಬೇಸಿಗೆ ಬಂತೆಂದರೆ ಅತ್ತೆ ಅದರ ಸೂರಿನ ಮೇಲೆ ತೆಂಗಿನ ಗರಿ ಹೊದಿಸುತ್ತಾರೆ, ಕಿಟಕಿಗಳಿಗೆ ಒದ್ದೆ ಗೋಣಿಚೀಲ ಕಟ್ಟುತ್ತಾರೆ. ನಾವು ಮಾತ್ರ ಕಾದ ತಾರಸಿಯ ಕೆಳಗೆ, ಬಿಸಿಗಾಳಿಯನ್ನೇ ಸುತ್ತಿಸುವ ಫ್ಯಾನಿಗೆ ಮುಖವೊಡ್ಡಿ ಕೂರುತ್ತಿದ್ದೆವು.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ನನಗೆ ಕುತೂಹಲ ತಡೆಯಲಾಗಲಿಲ್ಲ. ಹುಳದ ಮನೆಯಲ್ಲಿದ್ದ ಥರ್ಮಾಮೀಟರನ್ನು ತಂದು ನಮ್ಮ ನಡುಮನೆಯ ಮೊಳೆಗೆ ನೇತುಹಾಕಿದೆ. ಅಲ್ಲಿ ಇಪ್ಪತ್ತೇಳರಲ್ಲಿದ್ದ ಕೆಂಪು ಗೆರೆ ಇಲ್ಲಿ ಮೂವತ್ತಾರಕ್ಕೆ ಏರಿ ನಿಂತಿತು.

“ಅತ್ತೆ, ಹುಳಕ್ಕೆ ಇಷ್ಟೆಲ್ಲ ಮಾಡ್ತೀರಿ. ನಮಗ್ಯಾಕೆ ಮಾಡ್ಕೊಂಡಿಲ್ಲ?” ಎಂದು ಕೇಳಿದೆ.

“ಸೆಕೆ ಆದ್ರೆ ಹುಳ ಗೂಡು ಕಟ್ಟಾಕಿಲ್ಲ ಕಣವ್ವ. ನಾವು ಸೆಕೇಲೂ ಗೇಯ್ತೀವಲ್ಲ!” ಎಂದರು ಅತ್ತೆ.

ನನಗೆ ಮೈ ಉರಿದುಹೋಯಿತು. ಮಾರನೆಯ ದಿನವೇ ಏಣಿ ಹತ್ತಿ ತಾರಸಿಯ ತುಂಬ ಗರಿ ಹರಡಿದೆ. ನಡುಮನೆಯ ಕಿಟಕಿಗಳಿಗೂ ಒದ್ದೆ ಗೋಣಿಚೀಲ ಕಟ್ಟಿದೆ. ಮಧ್ಯಾಹ್ನ ಊಟಕ್ಕೆ ಬಂದ ಅತ್ತೆ ಬಾಗಿಲಲ್ಲೇ ಒಂದು ಗಳಿಗೆ ನಿಂತರು. ಆಮೇಲೆ ಥರ್ಮಾಮೀಟರಿನ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಗೆರೆ ಮೂವತ್ತಕ್ಕೆ ಇಳಿದಿತ್ತು.

“ಇನ್ನೊಸಿ ತಣ್ಣಗಾದ್ರೆ,” ಎಂದರು, “ಇಲ್ಲೂ ಎರಡು ತಟ್ಟೆ ಹುಳ ಇಡ್ಬೌದು ಕಣವ್ವ.”