ತಿಕೋಟಾದ ಆನೆ, ಪರದೇಶದ ಪಟ್ಟ

ಮೊನ್ನೆ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಒಂದು ಆನೆ ಸಿಕ್ಕಿತು. ಗಾಬರಿಯಾಗಬೇಡಿ, ಹೆಬ್ಬೆರಳಿನಷ್ಟು ಎತ್ತರದ ಕಟ್ಟಿಗೆಯ ಆನೆ. ಹಳೇ ಮನೆಯಿಂದ ತಂದ ಕಪಾಟದು, ಗೆದ್ದಲು ಹತ್ತಿತ್ತು. ಬಡಿಗ ಬಂದು ತಳದ ಹಲಗೆ ಕಿತ್ತಾಗ, ಜೀರಿಗೆ ಕಾಳು, ಹಳೇ ಗುಂಡಿ, ತುಕ್ಕು ಹಿಡಿದ ಪಿನ್ನುಗಳ ನಡುವೆ ಅದೂ ಉರುಳಿ ಬಂತು. ಸೊಸೆ ಸವಿತಾ ಎತ್ತಿಕೊಂಡು ಸೆರಗಿನಿಂದ ಒರೆಸಿದಳು.

“ಅತ್ತಿ, ಇದೇನ್ರಿ?”

“ಆನಿ.”

“ಸೊಂಡೀನ ಇಲ್ಲಲ್ರಿ ಇದಕ್ಕ.”

“ಮೊದಲಿಂದನೂ ಇರಲಿಲ್ಲ. ಕೊಡು ಇಲ್ಲೆ” ಎಂದು ಕೈಯಲ್ಲಿ ತಗೊಂಡವಳು ಅಲ್ಲೇ ನೆಲಕ್ಕೆ ಕೂತುಬಿಟ್ಟೆ. ಮೊಣಕಾಲು ನೋವಿನವಳು ನಾನು, ನೆಲಕ್ಕೆ ಕೂಡುವುದೆಂದರೆ ನಮ್ಮ ಮನೆಯಲ್ಲಿ ಅದೊಂದು ಸುದ್ದಿ. ಸವಿತಾ ಓಡಿಹೋಗಿ ನೀರು ತಂದಳು. ನನಗೆ ಬೇಕಾದದ್ದು ನೀರಲ್ಲ. ಹಳೇ ಮನೆ ಬಿಟ್ಟು ಬರುವಾಗ ಕಳೆದುಹೋಯಿತೆಂದು ನಾನು ಅತ್ತು ಮುಗಿಸಿದ್ದ ಆನೆ ಅದು. ಎಪ್ಪತ್ತರ ದಶಕದಲ್ಲಿ ನಾನೊಂದು ದೇಶದ ಚದುರಂಗ ಪಟ್ಟ ಗೆದ್ದದ್ದಕ್ಕೆ ನನ್ನ ಹತ್ತಿರ ಇರುವ ಗುರುತು ಇದೊಂದೇ.

ನಗಬೇಡಿ. ಗೆದ್ದದ್ದು ಖರೆ. ಆದರೆ ನಮ್ಮ ದೇಶದ ಪಟ್ಟವಲ್ಲ, ಪರದೇಶದ್ದು. ನಮ್ಮ ಮನೆಯವರು ಗಣಿತದ ಮಾಸ್ತರು. ಕರಾರಿನ ಮೇಲೆ ಆಫ್ರಿಕಾದ ಒಂದು ದೇಶಕ್ಕೆ ಕಲಿಸಲು ಹೋದರು, ಬೆನ್ನಿಗೆ ನಾನೂ ಹೋದೆ. ಯಾವ ದೇಶವೆಂದು ಹೇಳಿ ಉಪಯೋಗವಿಲ್ಲ. ನಮ್ಮ ಅವ್ವನಿಗೆ ಅದರ ಹೆಸರು ಕೊನೆಯವರೆಗೂ ನಾಲಿಗೆಗೆ ಬರಲಿಲ್ಲ. ಯಾರಾದರೂ ಕೇಳಿದರೆ “ಅಲ್ಲೇ, ಹಡಗದಾಗ ಹೋಗ್ತಾರಲ್ಲ, ಆ ಊರಾಗ ಅದಾಳ” ಎನ್ನುತ್ತಿದ್ದಳು.

ಚದುರಂಗ ನನಗೆ ಅಂಟಿದ್ದು ಮಾತ್ರ ತಿಕೋಟಾದಲ್ಲಿ. ನನ್ನ ತವರು ಅದು. ನಮ್ಮ ಪಕ್ಕದ ಮನೆ ನಾಲಬಂದ ಹುಸೇನಸಾಬ ಅಜ್ಜನದು. ಎತ್ತಿನ ಕಾಲಿಗೆ ನಾಲು, ಅಂದರೆ ಲಾಳ, ಹೊಡೆಯುವುದು ಅವರ ಮನೆತನದ ಕೆಲಸ. ಅರಕೇರಿ, ಇಟ್ಟಂಗಿಹಾಳದವರೂ ಎತ್ತು ಹೊಡೆದುಕೊಂಡು ಅಲ್ಲಿಗೇ ಬರುತ್ತಿದ್ದರು. ಸಂತೆಯ ದಿನ ಅಜ್ಜನೇ ಸುತ್ತಿಗೆ, ಮೊಳೆ ಕಟ್ಟಿಕೊಂಡು ಬಬಲೇಶ್ವರಕ್ಕೆ ಹೋಗುತ್ತಿದ್ದ. ಮಧ್ಯಾಹ್ನ ಕೈ ಖಾಲಿಯಾದಾಗ ಅಂಗಳದ ಬೇವಿನ ಬುಡದಲ್ಲಿ ಕೆಂಪು ಬಟ್ಟೆಯ ಹಾಸು ಬಿಚ್ಚುತ್ತಿದ್ದ. ಅದರ ಮೇಲೆ ಬಿಳಿ ದಾರದಲ್ಲಿ ಚದುರಂಗದ ಮನೆಗಳನ್ನು ಹೊಲಿದಿದ್ದರು. ಆಡುವವರು ಯಾರೂ ಸಿಗದ ದಿನ ಗೋಡೆಯಾಚೆಯಿಂದ ನನ್ನನ್ನು ಕರೆಯುತ್ತಿದ್ದ. ಅವ್ವ ಗೊಣಗುತ್ತಿದ್ದಳು, ಅಪ್ಪ ಕೇಳಿಸದವನ ಹಾಗೆ ಇರುತ್ತಿದ್ದ, ನಾನು ಗೋಡೆ ಹಾರುತ್ತಿದ್ದೆ.

ಅಜ್ಜ ಕಲಿಸಿದ್ದು ನಾಡ ಆಟ. ಈಗಿನವರಿಗೆ ಇದು ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಪುಸ್ತಕದ ಆಟದಲ್ಲಿ ಪ್ಯಾದೆ, ಅಂದರೆ ಕಾಲಾಳು, ಆ ಕಡೆಯ ಅಂಚು ಮುಟ್ಟಿದರೆ ಏನು ಬೇಕೋ ಅದಾಗಬಹುದು. ಎಲ್ಲರೂ ಕಣ್ಣುಮುಚ್ಚಿ ಮಂತ್ರಿಯನ್ನೇ ಇಡುತ್ತಾರೆ. ನಮ್ಮ ಆಟದಲ್ಲಿ ಹಾಗಿಲ್ಲ. ಪ್ಯಾದೆ ಯಾರ ಮನೆಯಲ್ಲಿ ಕಾಲಿಟ್ಟಿತೋ ಅವರೇ ಆಗಬೇಕು. ಕುದುರೆಯ ಮನೆಯಾದರೆ ಕುದುರೆ, ಒಂಟೆಯ ಮನೆಯಾದರೆ ಒಂಟೆ. ಒಮ್ಮೆ ಮೂಲೆಯ ಮನೆಯಲ್ಲಿ ನಾನು ಮಂತ್ರಿ ಇಡಲು ಹೋದಾಗ ಅಜ್ಜ ನನ್ನ ಕೈ ಮೇಲೆ ಮೆಲ್ಲಗೆ ಹೊಡೆದಿದ್ದ.

“ಆನಿ ಮನ್ಯಾಗ ಹೊಕ್ಕೀದಿ, ಆನೀನ ಆಗಬೇಕು. ದೊಡ್ಡಸ್ತನ ಮಾಡಬ್ಯಾಡ.”

ಆ ಪರದೇಶದಲ್ಲಿ ನಮ್ಮವರು ಶಾಲೆಗೆ ಹೋದರೆ ನನಗೆ ಹೊತ್ತೇ ಹೋಗುತ್ತಿರಲಿಲ್ಲ. ಅಲ್ಲಿಯ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಗ್ರೇಸ್ ಎಂಬ ಹುಡುಗಿ ನಮ್ಮ ನೆರೆಯವಳು. ಅವಳ ಮನೆಯಲ್ಲಿ ಚದುರಂಗದ ಹಾಸು ಕಂಡದ್ದೇ ನನ್ನ ಕೈ ತುರಿಸಿತು. ಅವಳೇ ಪುಸ್ತಕದ ಆಟ ಕಲಿಸಿದಳು. ಅವಳೇ ಹೆಂಗಸರ ರಾಷ್ಟ್ರೀಯ ಪಂದ್ಯಕ್ಕೆ ನನ್ನ ಹೆಸರು ಕೊಡಿಸಿದಳು. ಕೊನೆಗೆ ಪಟ್ಟದ ಆಟಕ್ಕೆ ಅವಳ ಎದುರಿಗೇ ಕೂತೆ. ಜಗತ್ತು ಗೆದ್ದೆನೆಂದು ತಿಳಿಯಬೇಡಿ. ಆಡಲು ಬಂದಿದ್ದ ಹೆಂಗಸರನ್ನು ಒಂದು ಟೆಂಪೋದಲ್ಲಿ ಕೂಡಿಸಬಹುದಿತ್ತು. ಆದರೂ ಅದು ರಾಷ್ಟ್ರೀಯ ಪಂದ್ಯವೇ.

ಆಟದ ಕೊನೆಯಲ್ಲಿ ಗ್ರೇಸಳ ರಾಜ ಒಂದು ಮೂಲೆಯ ಪಕ್ಕದ ಮನೆಯಲ್ಲಿ, ತನ್ನದೇ ಪ್ಯಾದೆಯ ದಾರಿಗೆ ಅಡ್ಡವಾಗಿ ಸಿಕ್ಕಿಕೊಂಡಿದ್ದ. ನನ್ನ ಪ್ಯಾದೆ ಎದುರಿನ ಮೂಲೆ ಮುಟ್ಟಿತು. ಅದು ಆನೆಯ ಮನೆ. ತಲೆ ಓಡುತ್ತಿರಲಿಲ್ಲ. ಕೈ ತನ್ನಷ್ಟಕ್ಕೆ ತಾನೇ ಹೋಗಿ ಆನೆಯನ್ನು ಇಟ್ಟಿತು. ಇಟ್ಟ ಮೇಲೆ ಎಚ್ಚರವಾಗಿ ನಾಲಿಗೆ ಕಚ್ಚಿಕೊಂಡೆ. ಪುಕ್ಕಟೆ ಮಂತ್ರಿ ಸಿಗುವಲ್ಲಿ ಆನೆ ಇಟ್ಟ ಹೆಡ್ಡಿ ನಾನು ಎಂದುಕೊಂಡೆ. ಆದರೆ ಗ್ರೇಸ್ ನಗಲಿಲ್ಲ. ಹಣೆಗೆ ಕೈ ಹಚ್ಚಿ ಕೂತಳು. ಮಂತ್ರಿ ಇಟ್ಟಿದ್ದರೆ ಅವಳ ರಾಜನಿಗೆ ಶಹ, ಅಂದರೆ ಚೆಕ್, ಕೂಡ ಇರುತ್ತಿರಲಿಲ್ಲ, ಸರಿಯಲು ಒಂದು ಮನೆಯೂ ಉಳಿಯುತ್ತಿರಲಿಲ್ಲ. ಹಾಗಾದರೆ ಪುಸ್ತಕದ ಆಟದಲ್ಲಿ ಸರಿಸಮ, ಗೆಲುವಿಲ್ಲ. ಆನೆ ಇಟ್ಟದ್ದಕ್ಕೆ ಒಂದು ಮನೆ ಉಳಿಯಿತು, ರಾಜ ಅಲ್ಲಿಗೆ ಸರಿದ, ಸ್ವಲ್ಪ ಹೊತ್ತಿನಲ್ಲೇ ಮಾತ್ ಆಗಿ ಆಟ ನನ್ನದಾಯಿತು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾನು ಬೇಕಂತ ಇಟ್ಟದ್ದಲ್ಲ, ನಮ್ಮೂರ ರೂಢಿ ಅದು ಎಂದು ಹೇಳಿದೆ. ಯಾರೂ ನಂಬಲಿಲ್ಲ, ಹಿಂದೂಸ್ತಾನದ ಹೆಂಗಸರಿಗೆ ಬಹಳ ವಿನಯ ಎಂದರು.

ನಮ್ಮವರು ಖುಷಿಯ ಭರದಲ್ಲಿ ಅದೇ ದಿನ ತಿಕೋಟಾಕ್ಕೆ ತಂತಿ ಹೊಡೆದರು. ತಕರಾರು ಎದ್ದದ್ದು ಮರುದಿನ. ಈಕೆ ನಮ್ಮ ದೇಶದವಳಲ್ಲ, ಇವಳ ಹೆಸರನ್ನು ನಮ್ಮ ಪಟ್ಟ ಗೆದ್ದವರ ಹೆಸರಿನ ಹಲಗೆಯ ಮೇಲೆ ಹೇಗೆ ಬರೆಯುವುದು ಎಂದು ಪಂದ್ಯದ ಸಮಿತಿಯ ಕೆಲವರು ಪಟ್ಟು ಹಿಡಿದು ಕೂತರು. ತಪ್ಪೇನೂ ಅಲ್ಲ, ನಾನಾದರೂ ಹಾಗೇ ಕೇಳುತ್ತಿದ್ದೆನೇನೋ. ಸಭೆ ಸೇರಿ ತೀರ್ಮಾನ ಮಾಡುತ್ತೇವೆ ಎಂದರು. ಅಷ್ಟರಲ್ಲಿ ನಮ್ಮವರ ಕರಾರು ಮುಗಿದು ನಾವು ವಿಜಾಪುರಕ್ಕೆ ಬಂದೆವು.

ಬಂದು ನೋಡಿದರೆ ಇಲ್ಲಿ ನಾನಾಗಲೇ ರಾಣಿಯಾಗಿದ್ದೆ. ತಂತಿಯ ಸುದ್ದಿ ಕೇಳಿದ ಹುಸೇನಸಾಬ ಅಜ್ಜ ತಾನು ನಾಲು ಹೊಡೆದ ಪ್ರತಿಯೊಂದು ಎತ್ತಿನ ಧಣಿಗೂ ಅದನ್ನು ಮುಟ್ಟಿಸಿದ್ದ. ಎತ್ತನ್ನು ಕೆಡವಿ ಕಾಲು ಕಟ್ಟಿ ಹಾಕಿದ ಮೇಲೆ ಧಣಿ ಎಲ್ಲಿಗೆ ಓಡಬೇಕು ಹೇಳಿ, ಪೂರಾ ಕೇಳಲೇಬೇಕು. ಬಬಲೇಶ್ವರದ ಸಂತೆಗೆ ಹೋದಾಗ ಬದನೆಕಾಯಿ ಮಾರುವ ಮುದುಕಿಯೊಬ್ಬಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಒಂದ ದೇಶಾನ ಗೆದ್ದೀಯಂತಲ್ಲ ಬೇ. ಎಷ್ಟ ಎಕರೆ ಬಂತು ನಿನ್ನ ಪಾಲಿಗೆ?”

“ಒಂದ ಗುಂಟೆನೂ ಇಲ್ಲ ಯವ್ವಾ.”

“ಮತ್ತ ಯಾಕ ಗೆದ್ದಿ?” ಎಂದು ಅವಳು ಬದನೆಕಾಯಿಯ ಕಡೆ ತಿರುಗಿದಳು.

ನಗುವಿನ ಮಾತು ನಿಜ, ಆದರೆ ನನಗೆ ಒಳಗೊಳಗೇ ಬೆಂಕಿ. ಪಟ್ಟ ಹೋದರೆ ನನಗೇನೂ ಆಗುವುದಿಲ್ಲ, ರೊಟ್ಟಿ ಬಡಿದುಕೊಂಡು ಇರುತ್ತೇನೆ. ಸುತ್ತಲ ಹಳ್ಳಿಗೆಲ್ಲ ಡಂಗುರ ಹೊಡೆದ ಅಜ್ಜನ ಗತಿ? ಈ ವಯಸ್ಸಿನಲ್ಲಿ ಅವನನ್ನು ಸುಳ್ಳ ಅನ್ನಿಸಬೇಕೇ? ತಿಕೋಟಾಕ್ಕೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ.

“ಅಜ್ಜಾ, ಇನ್ನೂ ಖಾತ್ರಿ ಇಲ್ಲ. ನಾ ಪರದೇಶದಾಕಿ ಅಂತ ತಕರಾರು ತಗದಾರ. ಸುದ್ದಿ ಬರೂತನಕ ಸುಮ್ಮನಿರು.”

ಅಜ್ಜ ಸುತ್ತಿಗೆ ಕೆಳಗಿಡಲಿಲ್ಲ. “ಆಟದಾಗ ಗೆದ್ದೀಯೋ ಇಲ್ಲೋ?”

“ಗೆದ್ದೇನಿ.”

“ಮತ್ತೇನ ಖಾತ್ರಿ ಬೇಕು?”

ಮುಂದಿನ ಸಂತೆಯಲ್ಲಿ ಇನ್ನೂ ಜೋರಾಗಿ ಹೇಳಿಕೊಂಡು ಬಂದ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಮಾತು ಕೇಳದ ಮುದುಕ, ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಳ್ಳುತ್ತಾನೆ ಎಂದು ನಮ್ಮವರ ಮುಂದೆ ಹರಿಹಾಯ್ದೆ. ಆ ದಿನಗಳಲ್ಲಿ ನನ್ನ ಕೈಯ ಅಡುಗೆಗೆ ರುಚಿ ಇರಲಿಲ್ಲವೆಂದು ನಮ್ಮವರು ಬಹಳ ವರ್ಷ ಹೇಳುತ್ತಿದ್ದರು. ಬಾಗಿಲ ಹೊರಗೆ ಸೈಕಲ್ ಗಂಟೆ ಕೇಳಿದರೆ ಅಂಚೆಯವನೇ ಎಂದು ಒಲೆ ಬಿಟ್ಟು ಓಡುತ್ತಿದ್ದೆ.

ಕೊನೆಗೊಂದು ಮಧ್ಯಾಹ್ನ ತಂತಿ ಬಂತು. ಆಗ ತಂತಿ ಎಂದರೆ ಸಾವಿನ ಸುದ್ದಿಯೇ ಎಂಬ ಕಾಲ. ನಮ್ಮ ಅತ್ತೆಯವರು ಒಡೆಯುವ ಮೊದಲೇ ಸೆರಗು ಬಾಯಿಗೆ ಒತ್ತಿಕೊಂಡರು. ನಮ್ಮವರು ಓದಿದರು, ನಕ್ಕರು, ಪಟ್ಟ ನಿನ್ನದೇ ಎಂದರು. ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ, ಅಳುವುದೆಲ್ಲ ಅಲ್ಲೇ ಅತ್ತೆ. ಸಭೆಯಲ್ಲಿ ನಡೆದದ್ದು ಆಮೇಲೆ ಅಲ್ಲಿಯ ಮಾಸ್ತರೊಬ್ಬರಿಂದ ತಿಳಿಯಿತು. ಪಟ್ಟ ನಿನಗೇ ಕೊಡುತ್ತೇವೆ ಎಂದು ಸಮಿತಿಯವರು ಗ್ರೇಸಳನ್ನು ಕರೆದರಂತೆ. ಅವಳು ಎದ್ದು ನಿಂತು, “ನನ್ನ ಎದುರಿಗೆ ಕೂತು ಆಡಿದ್ದು ಅವಳು, ಅವಳ ಪಾಸ್‌ಪೋರ್ಟ್ ಅಲ್ಲ. ಸೋತದ್ದು ನಾನು, ನನಗೆ ಬೇಡ” ಎಂದಳಂತೆ.

ಸಿಕ್ಕ ಬಸ್ಸು ಹತ್ತಿ ತಿಕೋಟಾಕ್ಕೆ ಹೋದೆ. ಅಜ್ಜ ಅಂಗಳದಲ್ಲಿ ಒಬ್ಬನೇ ಕೂತಿದ್ದ. ಸುದ್ದಿ ಹೇಳಿದೆ. ಕುಣಿಯುತ್ತಾನೆ ಎಂದುಕೊಂಡಿದ್ದೆ, ಅವನು ಬೇವಿನ ಮರಕ್ಕೆ ಬೆನ್ನು ಆನಿಸಿ ಕಣ್ಣು ಮುಚ್ಚಿದ. ಆಮೇಲೆ ಒಳಗಿನ ಕಡೆಗೆ ಕೂಗಿದ.

“ಅಮೀನಾ, ಚಾ ಮಾಡು. ಸಕ್ರಿ ಹಾಕು.”

ಒಳಗಿಂದ ಅಮೀನಾಬಿ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದಳು. “ನೀ ಬಂದು ತಕರಾರಿನ ಮಾತ ಹೇಳಿ ಹೋದೀಯಲ್ಲ ಯವ್ವಾ, ಅವತ್ತಿನಿಂದ ಸಕ್ರಿ ಬಿಟ್ಟಾನ. ನಿನ್ನ ಸುದ್ದಿ ಬರೂತನಕ ಬಾಯಾಗ ಸಿಹಿ ಹಾಕೂದಿಲ್ಲ ಅಂತ ದರ್ಗಾಕ್ಕ ಬೇಡಿಕೊಂಡಾನ. ಸಂತ್ಯಾಗೆಲ್ಲ ಬಡಾಯಿ ಕೊಚ್ಚಿ ಬರಾಂವ, ಮನಿಗೆ ಬಂದು ಖಾಲಿ ಚಾ ಕುಡದು ಗೋಡಿ ನೋಡ್ಕೋತ ಕೂಡಾಂವ.”

ನನಗಿಂತ ಹೆಚ್ಚು ಹೆದರಿದ್ದವನು ಅವನು. ಅಜ್ಜ ಸಿಹಿ ಚಹಾ ಸುರ್ರೆಂದು ಕುಡಿದು, ಕೆಂಪು ಹಾಸು ಬಿಚ್ಚಿ, ಕೊನೆಯ ಆಟ ತೋರಿಸು ಎಂದ. ತೋರಿಸಿದೆ.

“ಇಲ್ಲೆ ಮರತು ಆನಿ ಇಟ್ಟೆ ಅಜ್ಜಾ.”

“ಮರತಿಲ್ಲ. ನೆನಪಿಟ್ಟೀದಿ” ಎಂದ. ಆ ಆನೆಯನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಬೇಡ, ನಿನ್ನ ಆಟ ಅರ್ಧಕ್ಕೆ ನಿಲ್ಲುತ್ತದೆ ಎಂದರೆ ಕೇಳಲಿಲ್ಲ. ಅಂಗಳದಲ್ಲಿ ಬಿದ್ದಿದ್ದ, ಕಾಳು ಬಿಡಿಸಿದ ಗೋವಿನಜೋಳದ ಬೆಂಡನ್ನು ಮುರಿದು ಒಂದು ತುಂಡನ್ನು ಆನೆಯ ಮನೆಯಲ್ಲಿ ನಿಲ್ಲಿಸಿದ. ತಾನಿರುವತನಕ ಆ ಬೆಂಡನ್ನೇ ಆನೆ ಎಂದು ಆಡಿದ, ಎದುರಿನವರಿಂದಲೂ ಆನೆ ಎನ್ನಿಸಿದ.

ಗೆದ್ದವರು ಬಹುಮಾನದ ಕಪ್ಪನ್ನು ಮನೆಗೆ ಒಯ್ಯುವ ಪದ್ಧತಿ ಅಲ್ಲಿರಲಿಲ್ಲ. ನನ್ನ ಹೆಸರು ಆ ಹಲಗೆಯ ಮೇಲೆ ಈಗಲೂ ಇದೆಯೋ, ಗೆದ್ದಲು ತಿಂದಿದೆಯೋ. ಸವಿತಾಳಿಗೆ ಇದೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಬಡಿಗ ಹೋಗಿಯೇಬಿಟ್ಟಿದ್ದ. ಅಜ್ಜನ ಮೊಮ್ಮಗಳು ಶಬಾನಾ ಈಗಲೂ ತಿಕೋಟಾದ ಅದೇ ಮನೆಯಲ್ಲಿದ್ದಾಳೆ. ಫೋನು ಹಚ್ಚಿಸಿ, ಆನೆ ಸಿಕ್ಕಿದೆ, ತಂದುಕೊಡುತ್ತೇನೆ, ನಿಮ್ಮ ಆಟ ಪೂರಾ ಆಗಲಿ ಎಂದೆ.

“ಆನಿ ತರಬ್ಯಾಡ್ರಿ ಅವ್ವಾರ” ಎಂದಳು ಶಬಾನಾ. “ಇಲ್ಲೆ ಡಬ್ಬ್ಯಾಗ ಬೆಂಡ ಇನ್ನೂ ಐತಿ. ಅದು ನಿಮ್ಮ ಜಾಗಾ ಅಂತ ಅಜ್ಜ ಯಾರಿಗೂ ತಗಿಯಾಕ ಬಿಡಲಿಲ್ಲ. ನೀವಷ್ಟ ಬರ್ರಿ.”

ಫೋನು ಇಟ್ಟೆ. ಸವಿತಾ ಚಹಾಕ್ಕೆ ಇಟ್ಟಿದ್ದಳು, ನನ್ನ ಪಾಲಿನದನ್ನು ಬೇರೆ ತೆಗೆದು. ಸಕ್ಕರೆ ಕಾಯಿಲೆಯವಳಿಗೆ ಈ ಮನೆಯಲ್ಲಿ ಖಾಲಿ ಚಹಾ. ಆನೆಯನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಸವಿತಾ, ಸಕ್ರಿ ಹಾಕು ಎಂದೆ. ಅವಳು ನನ್ನ ಮುಖ ನೋಡಿದಳು, ಆನೆಯನ್ನು ನೋಡಿದಳು, ಡಬ್ಬಿಯ ಮುಚ್ಚಳ ತೆಗೆದಳು.